ಯಾವ ಊರು ಎಂದು ಕೇಳಿದ್ದು

ಯಾರನ್ನೇ ಕಂಡರೂ ಎರಡನೆಯ ಮಾತಿಗೆ ‘ನಿಮ್ಮದು ಯಾವ ಊರು?’ ಎಂದು ಕೇಳುವುದು ನನ್ನ ಹುಟ್ಟುಗುಣ. ಮೈಸೂರಿನಲ್ಲಿ ಇದನ್ನು ಯಾರೂ ದೋಷವೆಂದು ಎಣಿಸುವುದಿಲ್ಲ. ಊರು ಹೇಳಿದರೆ ಬೀದಿ ಕೇಳುತ್ತೇವೆ, ಬೀದಿ ಹೇಳಿದರೆ ಯಾರ ಮನೆಯ ಎದುರು ಎಂದು ಕೇಳುತ್ತೇವೆ. ಎದುರಿನವರ ಚಿಕ್ಕಮ್ಮನ ಓರಗಿತ್ತಿ ನಮ್ಮ ಸೋದರತ್ತೆಯ ಜೊತೆ ಓದಿದವಳು ಎಂದು ಪತ್ತೆಯಾದ ಮೇಲೆಯೇ ನಮಗೆ ಕಾಫಿ ರುಚಿಸುವುದು. ಟೋಕಿಯೋಗೆ ಬಂದು ಒಂಬತ್ತು ವರ್ಷವಾದರೂ ಈ ಗುಣ ಹೋಗಿಲ್ಲ. ಲಿಫ್ಟಿನಲ್ಲಿ ಸಿಕ್ಕ ಜಪಾನಿ ಅಜ್ಜಿಯನ್ನೂ ಹರಕುಮುರುಕು ಭಾಷೆಯಲ್ಲಿ ಕೇಳಿದ್ದೇನೆ. ನನ್ನ ಮಗಳು ಇಲ್ಲಿಯೇ ಬೆಳೆದವಳು. ಕನ್ನಡ ಎಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ‘ಅಮ್ಮಾ, ಯು ಆಸ್ಕ್ ಟೂ ಮಚ್’ ಎಂದು ಅವಳು ಹೇಳಿದಾಗಲೆಲ್ಲ ನನಗೆ ರೇಗುತ್ತಿತ್ತು. ಈಗ ರೇಗುವುದಿಲ್ಲ.

ನಾವು ಇರುವುದು ನಿಶಿ ಕಸಾಯಿಯಲ್ಲಿ. ಗಂಡ ಬೆಳಿಗ್ಗೆ ಎಂಟಕ್ಕೆ ಮಿನಾಟೋದ ಆಫೀಸಿಗೆ ಹೊರಟರೆ ಬರುವುದು ಅವರಿಗೇ ಗೊತ್ತಿಲ್ಲದ ಹೊತ್ತಿಗೆ. ಮಗಳು ಸ್ಕೂಲಿಗೆ ತಾನೇ ಹೋಗುವಷ್ಟು ದೊಡ್ಡವಳಾದ ಮೇಲೆ ನನಗೆ ಮನೆಯಲ್ಲಿ ಕೂತು ಕೂತು ತಲೆ ಕೆಡತೊಡಗಿತು. ಆಗ ಸಿಕ್ಕಿದ್ದು ಫುನಾಬೊರಿಯ ಒಂದು ರೆಸ್ಟೋರೆಂಟಿನ ಕೆಲಸ. ಬಾಗಿಲಲ್ಲಿ ಭಾರತದ ಬಾವುಟ, ಒಳಗೆ ಎಲ್ಲರೂ ನೇಪಾಳದವರು. ಜಪಾನಿನಲ್ಲಿ ‘ಇಂಡಿಯನ್ ರೆಸ್ಟೋರೆಂಟ್’ ಎಂದರೆ ಬಹುಪಾಲು ಇದೇ ಕಥೆ. ಶನಿವಾರ, ಭಾನುವಾರ ಬೆಳಿಗ್ಗೆ ಇಡ್ಲಿ, ದೋಸೆ ಇಟ್ಟರೆ ನಿಶಿ ಕಸಾಯಿಯ ಜನ ಬರುತ್ತಾರೆ ಎಂದು ಮಾಲೀಕನಿಗೆ ಯಾರೋ ಹೇಳಿದ್ದರಂತೆ. ಇಡ್ಲಿ ಮಾಡುವುದಕ್ಕೆ ನಾನು.

ಮನೆಯಲ್ಲೇ ರುಬ್ಬಿದ ಹಿಟ್ಟನ್ನು ಸೈಕಲ್ಲಿನ ಹಿಂದೆ, ಮಗಳು ಚಿಕ್ಕವಳಿದ್ದಾಗ ಕೂರುತ್ತಿದ್ದ ಸೀಟಿನಲ್ಲಿ ಡಬ್ಬಿ ಸಮೇತ ಕೂರಿಸಿ, ಬೆಲ್ಟು ಹಾಕಿ ಒಯ್ಯುತ್ತಿದ್ದೆ. ಸಿಗ್ನಲ್ಲಿನಲ್ಲಿ ನಿಂತಾಗ ಪಕ್ಕದವರು ಮಗುವೆಂದು ಬಗ್ಗಿ ನೋಡಿ, ಡಬ್ಬಿ ಕಂಡು, ‘ಸುಮಿಮಾಸೆನ್’, ಅಂದರೆ ಕ್ಷಮಿಸಿ, ಎಂದು ಮುಖ ತಿರುಗಿಸುತ್ತಿದ್ದರು. ಚಳಿಗಾಲದಲ್ಲಿ ಹಿಟ್ಟು ಹುದುಗುವುದಿಲ್ಲ. ಅದಕ್ಕಾಗಿ ಶುಕ್ರವಾರವೇ ಒಯ್ದು ತಂದೂರಿನ ಪಕ್ಕದಲ್ಲಿ ಇಟ್ಟು ಬರುತ್ತಿದ್ದೆ. ತಂದೂರಿನವನ ಪರಿಚಯ ಬೆಳೆದದ್ದು ಹೀಗೆ.

ಅವನಿಗೆ ನಲವತ್ತರ ಆಸುಪಾಸು. ಎಲ್ಲರೂ ಅವನನ್ನು ದಾಯಿ ಎನ್ನುತ್ತಿದ್ದರು, ಅವರ ಭಾಷೆಯಲ್ಲಿ ಅಣ್ಣ. ಮಾತು ಕಡಿಮೆ, ತಮಾಷೆ ಜಾಸ್ತಿ. ನನ್ನ ಇಡ್ಲಿಗಳನ್ನು ‘ಬಿಳಿ ನಾನ್’ ಎಂದು ಕರೆಯುತ್ತಿದ್ದ. ಮೇಲೋಗರದ ಒಲೆಯ ಮುಂದೆ ಇದ್ದವಳನ್ನು ಎಲ್ಲರೂ ದೀದಿ ಎನ್ನುತ್ತಿದ್ದರು. ನನಗಿಂತ ಚಿಕ್ಕವಳಾದರೂ ನಾನೂ ಹಾಗೆಯೇ ಕರೆದೆ. ದಾಯಿ ಮಾತ್ರ ಅವಳನ್ನು ಬಹಿನಿ, ಅಂದರೆ ತಂಗಿ, ಎನ್ನುತ್ತಿದ್ದ. ಇಬ್ಬರೂ ಅಲ್ಲಿ ಆರು ವರ್ಷದಿಂದ ಒಟ್ಟಿಗೆ ಕೆಲಸ ಮಾಡುತ್ತಿದ್ದರು. ಅವನ ಹೆಂಡತಿ ಮಕ್ಕಳು ನೇಪಾಳದಲ್ಲಿ, ಅವಳ ಗಂಡ ಬೇರೆ ಊರಿನ ಕಾರ್ಖಾನೆಯಲ್ಲಿ. ಮಧ್ಯಾಹ್ನ ಎರಡೂವರೆಗೆ ಶಟರ್ ಅರ್ಧ ಇಳಿಸಿ, ಅನ್ನ ಬೇಳೆ ಬಡಿಸಿಕೊಂಡು, ಒಂದೇ ಉಪ್ಪಿನಕಾಯಿ ಬಾಟಲಿಗೆ ಕೈಹಾಕುತ್ತಾ ಇಬ್ಬರೂ ಜಗಳವಾಡುವುದನ್ನು ನೋಡಿದರೆ ಒಡಹುಟ್ಟಿದವರೆಂದೇ ಅನ್ನಿಸುತ್ತಿತ್ತು. ನಮ್ಮ ಮೂವರ ಮಾತು ಹಿಂದಿಯಲ್ಲಿ. ನನ್ನ ಹಿಂದಿ ಕೇಳಿ ಅವರು ನಗುತ್ತಿದ್ದರು, ಅವರದನ್ನು ಕೇಳಿ ನಾನು.

ಊರು ಕೇಳದೆ ಬಿಡುತ್ತೇನೆಯೇ? ಮೊದಲ ವಾರವೇ ಕೇಳಿದ್ದೆ. ದೀದಿಯದು ಪಶ್ಚಿಮದ ಬೆಟ್ಟಗಳ ಒಂದು ಹಳ್ಳಿ, ದಾಯಿಯದು ಪೂರ್ವದ ಬಯಲು. ನಂಟು ಸಿಗಲಿಲ್ಲವಲ್ಲ ಎಂದು ನನಗೆ ಸಣ್ಣ ನಿರಾಸೆ. ಆದರೂ ಕೆದಕುವುದನ್ನು ಬಿಡಲಿಲ್ಲ. ಒಂದು ಸಲ ಆಲೂಗೆಡ್ಡೆ ಸುಲಿಯುತ್ತಾ ದೀದಿ, ತಾನು ಹದಿನೇಳು ವರ್ಷದವಳಿದ್ದಾಗ ಗೆಳತಿಯರ ಜೊತೆ ಎರಡು ದಿನ ನಡೆದು ಒಂದು ಬೆಟ್ಟದೂರಿಗೆ ಹೋಗಿದ್ದೆ ಎಂದಳು. ಶಾಲೆಯ ಕೆಳಗೆ ಮೂರು ಬಾಯಿಯ ಕಲ್ಲಿನ ನೀರುಕೊಳಾಯಿ, ಒಂದು ಬಾಯಿ ಒಡೆದದ್ದು, ಅಲ್ಲಿ ಎಲ್ಲರೂ ನೀರು ಕುಡಿದೆವು ಎಂದಳು. ಹುಡುಗಿಯರ ಪ್ರವಾಸವೆಂದುಕೊಂಡು ನಾನು ನಮ್ಮ ಕಾಲೇಜಿನವರು ನಂದಿಬೆಟ್ಟಕ್ಕೆ ಹೋದ ಕಥೆ ಹೇಳಿದೆ. ಅವಳು ಕೇಳಿಸಿಕೊಂಡಳು.

ಕೆಲವು ತಿಂಗಳಾದ ಮೇಲೆ, ಒಂದು ಭಾನುವಾರ, ದಾಯಿ ಹಿಟ್ಟು ನಾದುತ್ತಾ ಇಲ್ಲಿನ ನಲ್ಲಿ ನೀರನ್ನು ಬೈಯುತ್ತಿದ್ದ. ಒಳ್ಳೆಯ ನೀರೆಂದರೆ ತಾನು ಹತ್ತೊಂಬತ್ತನೆಯ ವಯಸ್ಸಿನಲ್ಲಿ ಎಂಟು ತಿಂಗಳು ಕೆಲಸಕ್ಕಿದ್ದ ಊರಿನದು, ಮೂರು ಬಾಯಿಯ ಕೊಳಾಯಿ, ಪಾಪ ಒಂದು ಬಾಯಿ ಒಡೆದಿತ್ತು ಎಂದ. ಶಾಲೆಯ ಕೆಳಗಾ ಎಂದು ಕೇಳಿದೆ. ಹೌದು, ನಿನಗೆ ಹೇಗೆ ಗೊತ್ತು ಎಂದ.

ನನಗೆ ಆದ ಖುಷಿ ಹೇಳಲಾರೆ. ಕೈ ಒರೆಸಿಕೊಂಡು, ಒಲೆಯ ಕಡೆ ತಿರುಗಿ, ಮದುವೆ ಮನೆಯಲ್ಲಿ ನೆಂಟಸ್ತನ ಬೆಸೆದವಳ ಹಾಗೆ ಘೋಷಿಸಿದೆ: ‘ದೀದಿ, ನೀನು ಹೋಗಿದ್ದ ಆ ಊರಲ್ಲೇ ದಾಯಿ ಕೆಲಸದಲ್ಲಿದ್ದನಂತೆ. ನೀವಿಬ್ಬರೂ ಅಲ್ಲೇ ಎಲ್ಲೋ ಒಬ್ಬರನ್ನೊಬ್ಬರು ನೋಡಿರ್ತೀರ.’

ದೀದಿ ಸೌಟು ಇಟ್ಟಳು. ಯಾವ ವರ್ಷ ಎಂದು ನೇಪಾಳಿಯಲ್ಲಿ ಕೇಳಿದಳು. ಅವನು ಹೇಳಿದ. ಯಾವ ತಿಂಗಳು ಎಂದಳು. ಅವನು ಹಿಟ್ಟಿನಿಂದ ಕೈ ತೆಗೆದು ಅವಳನ್ನೇ ನೋಡಿದ. ‘ಕಾರ್ತಿಕ?’ ಎಂದು ಅವಳೇ ಕೇಳಿದಳು. ಅವನು ಹೌದೆಂದು ತಲೆಯಾಡಿಸಿದ. ಆಮೇಲೆ ಅವನು ತಂದೂರಿನ ಕಡೆಗೆ, ಅವಳು ಒಲೆಯ ಕಡೆಗೆ ತಿರುಗಿಕೊಂಡರು. ಏನಾಯಿತೆಂದು ತಿಳಿಯದೆ ನಾನು ನಡುವೆ ನಿಂತಿದ್ದೆ.

ನೇಪಾಳದಲ್ಲಿ ಹತ್ತು ವರ್ಷ ಅಂತರ್ಯುದ್ಧ ನಡೆದಿತ್ತು. ನಾನು ಕಾಲೇಜಿನಲ್ಲಿದ್ದ ಕಾಲವದು, ಪತ್ರಿಕೆಯಲ್ಲಿ ಓದಿಯೂ ಇದ್ದೆ. ಆದರೆ ಪತ್ರಿಕೆಯಲ್ಲಿ ಓದಿದ ಯುದ್ಧಕ್ಕೂ ಪಕ್ಕದಲ್ಲಿ ಈರುಳ್ಳಿ ಹೆಚ್ಚುವವಳಿಗೂ ಸಂಬಂಧವಿದೆ ಎಂದು ಯಾರಿಗೆ ಹೊಳೆಯುತ್ತದೆ? ಆ ವಯಸ್ಸಿನ ನೇಪಾಳಿಗಳು ಪರಸ್ಪರ ಊರು ಕೇಳುತ್ತಾರಂತೆ, ಆ ಹತ್ತು ವರ್ಷದಲ್ಲಿ ಎಲ್ಲಿದ್ದೆ ಎಂದು ಮಾತ್ರ ಕೇಳುವುದಿಲ್ಲವಂತೆ. ಒಟ್ಟಿಗೆ ಬದುಕಬೇಕಲ್ಲ, ಅದಕ್ಕೆ. ಇದು ನನಗೆ ತಿಳಿದದ್ದು ಆಮೇಲೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅದನ್ನು ಚಿಕ್ಕಂದಿನಿಂದ ಕೇಳುತ್ತಾ ಬಂದವಳು ನಾನೇ.

ದಾಯಿ ಆ ಊರಿನ ಪೊಲೀಸ್ ಠಾಣೆಯಲ್ಲಿ ಹೊಸದಾಗಿ ಸೇರಿದ್ದ ಹುಡುಗ. ದೀದಿ ಆ ಠಾಣೆಯ ಮೇಲೆ ದಾಳಿ ಮಾಡಿದ ಬಂಡುಕೋರರ ಗುಂಪಿನಲ್ಲಿದ್ದ ಹುಡುಗಿ. ಬೆಳಗಿನ ಜಾವದಿಂದ ಹೊತ್ತು ಏರುವವರೆಗೆ ಇಬ್ಬರೂ ಒಬ್ಬರ ಕಡೆ ಒಬ್ಬರು ಗುಂಡು ಹಾರಿಸಿದ್ದರು.

ಆ ಅಡುಗೆಮನೆ ರೈಲಿನ ಒಂದು ಬೋಗಿಗಿಂತ ಕಿರಿದು. ಒಬ್ಬರು ದಾಟಬೇಕಾದರೆ ಇನ್ನೊಬ್ಬರು ಹೊಟ್ಟೆ ಒಳಗೆ ಎಳೆದುಕೊಳ್ಳಬೇಕು. ಅಂಥ ಕಡೆ ಮಾತು ಬಿಡುವುದು ಸುಲಭವಲ್ಲ. ಅವರು ಒಂದು ಉಪಾಯ ಕಂಡುಕೊಂಡರು, ಜಪಾನಿ ಭಾಷೆಗೆ ಹೋದರು. ‘ನಾನ್ ಎರಡು, ಒನೆಗಾಯ್‌ಶಿಮಾಸ್’ ಎಂದು, ದಯವಿಟ್ಟು ಎನ್ನುವ ಹಾಗೆ, ಅವಳು ಬೇಡಿದರೆ, ‘ಹಾಯ್’, ಅಂದರೆ ಆಯಿತು, ಎಂದು ಅವನು ಕೊಡುತ್ತಿದ್ದ. ದಾಟುವಾಗ ‘ಸುಮಿಮಾಸೆನ್’. ಆರು ವರ್ಷ ದಾಯಿ, ಬಹಿನಿ ಎಂದವರು ಅಪರಿಚಿತ ಗಿರಾಕಿಗಳ ಹಾಗೆ ಬಗ್ಗಿ ನಮಿಸುವುದನ್ನು ನೋಡಲಾರದೆ ನಾನು ಇಡ್ಲಿ ತಟ್ಟೆ ಉಜ್ಜಲು ತಿರುಗುತ್ತಿದ್ದೆ. ಹೊರಗೆ ಊಟಕ್ಕೆ ಕೂತವರಿಗೆ ಏನೂ ಗೊತ್ತಾಗಲಿಲ್ಲ. ಎಂದಿನಂತೆ ತಟ್ಟೆಗಿಂತ ಉದ್ದದ ನಾನ್ ಬಂದಾಗ ಫೋಟೋ ತೆಗೆದರು.

ಮನೆಯಲ್ಲಿ ಗಂಡನಿಗೆ ಹೇಳಿದೆ. ಅವರು ಲ್ಯಾಪ್‌ಟಾಪಿನಿಂದ ತಲೆ ಎತ್ತಿದರು. ‘ನಿಂಗ್ಯಾಕೆ ಬೇಕಿತ್ತೇ? ನಮ್ ಆಫೀಸಲ್ಲಿ ಪಕ್ಕದ ಸೀಟಿನ ಜಪಾನಿ‌ಗೆ ಮದ್ವೆ ಆಗಿದ್ಯಾ ಅಂತ ಐದು ವರ್ಷ ಆದ್ರೂ ನಂಗೆ ಗೊತ್ತಿಲ್ಲ. ವರ್ಕ್‌ಪ್ಲೇಸ್ ಅಂದ್ರೆ ಹಾಗೇ ಇರ್ಬೇಕು’ ಎಂದರು. ಅದು ಹೆಮ್ಮೆಪಡುವ ವಿಷಯವೇ ಎಂದು ಜಗಳ ತೆಗೆದೆ. ಜಗಳ ತೆಗೆಯುವುದಕ್ಕೆ ಒಂದು ಜಾಗ ಬೇಕಿತ್ತು. ತಪ್ಪು ನನ್ನದೇ ಎಂದು ಗೊತ್ತಿತ್ತು. ಬೇಲಿಯ ಮೇಲಿದ್ದ ಓತಿಕ್ಯಾತವನ್ನು ನನ್ನ ಹೆಗಲಿಗಲ್ಲ, ಅವರಿಬ್ಬರ ಹೆಗಲಿಗೆ ಬಿಟ್ಟಿದ್ದೆ.

ಒಂದು ಸೋಮವಾರ ದೀದಿ ಸಾಸಿವೆ ಎಣ್ಣೆ ಕೊಳ್ಳಲು ನಿಶಿ ಕಸಾಯಿಗೆ ಬಂದಳು. ಕೊಂಬಿನಿ ಅಂಗಡಿಯ ಕಿಟಕಿ ಪಕ್ಕ ಕೂತು ಇಬ್ಬರೂ ಕಾಗದದ ಲೋಟದಲ್ಲಿ ಕಾಫಿ ಕುಡಿದೆವು. ಕ್ಷಮಿಸು ಎಂದೆ. ಅದನ್ನು ಅವಳು ಕೇಳಿಸಿಕೊಂಡಂತೆಯೇ ಕಾಣಲಿಲ್ಲ. ತಾನು ಹೇಳಬೇಕೆಂದು ಬಂದದ್ದನ್ನು ಹೇಳಿದಳು.

ಅವಳ ಹಳ್ಳಿಯಿಂದ ಇಬ್ಬರು ಹುಡುಗಿಯರು ಒಟ್ಟಿಗೆ ಬಂಡುಕೋರರ ಜೊತೆ ಹೋಗಿದ್ದರು. ದೀದಿಗೆ ಹದಿನೇಳು, ಗೆಳತಿಗೆ ಹದಿನಾರು. ಗೆಳತಿಯ ಅಮ್ಮನಿಗೆ ಇದ್ದವಳು ಒಬ್ಬಳೇ ಮಗಳು. ದಾಳಿಯ ದಿನ ಹೊತ್ತು ಏರಿದ ಮೇಲೆ ಹಿಂದೆ ಸರಿಯಿರಿ ಎಂದು ಆಜ್ಞೆ ಬಂದಿತು. ದೀದಿ ಗಾಯಗೊಂಡವನೊಬ್ಬನನ್ನು ಹೊತ್ತು ಇಳಿದಳು. ಸಂಜೆ ಎಲ್ಲರೂ ಸೇರಿದಾಗ ಗೆಳತಿ ಇರಲಿಲ್ಲ. ಸತ್ತಳು ಎಂದು ಕೆಲವರು, ಇಲ್ಲ ಪೊಲೀಸರು ಹಿಡಿದುಕೊಂಡು ಹೋದರು ಎಂದು ಕೆಲವರು. ಹೆಣ ನೋಡಿದವರು ಯಾರೂ ಇಲ್ಲ. ಯುದ್ಧ ಮುಗಿಯಿತು, ಜೈಲುಗಳಿಂದ ಜನ ಬಿಡುಗಡೆಯಾಗಿ ಬಂದರು, ಅವಳು ಬರಲಿಲ್ಲ. ಇಪ್ಪತ್ತು ವರ್ಷ ಕಳೆದರೂ ಆ ತಾಯಿ ಮಗಳ ಕರ್ಮ ಮಾಡಿಸಿಲ್ಲ. ಬದುಕಿರುವವಳಿಗೆ ಪಿಂಡ ಇಟ್ಟರೆ ಮಹಾಪಾಪ ಎನ್ನುತ್ತಾಳಂತೆ. ತಿಂಗಳಿಗೊಮ್ಮೆ ದೀದಿಗೆ ಫೋನ್ ಮಾಡಿ, ಏನಾದರೂ ತಿಳಿಯಿತಾ ಎಂದು ಕೇಳುತ್ತಾಳಂತೆ. ಜೊತೆಗೆ ಹೋದವಳು ನೀನು, ಕೇಳುವುದಕ್ಕೆ ನನಗೆ ಇನ್ಯಾರಿದ್ದಾರೆ ಎನ್ನುತ್ತಾಳಂತೆ.

‘ದಾಳಿ ಆದ್ಮೇಲೆ ಅಲ್ಲಿ ಉಳಿದವರು ಪೊಲೀಸರೇ. ಅವನಿಗೆ ಗೊತ್ತಿರುತ್ತೆ’ ಎಂದಳು.

ಹಾಗಾದರೆ ಕೇಳಬಹುದಲ್ಲ ಎಂದೆ. ಅವಳು ಲೋಟದ ಅಂಚನ್ನು ಉಗುರಿನಿಂದ ಕೆರೆದಳು. ಠಾಣೆಯ ಮೂಲೆಯಲ್ಲಿ ಮರಳುಚೀಲದ ಹಿಂದೆ ಒಬ್ಬ ಕಾವಲು ಹುಡುಗ ಇದ್ದನಂತೆ. ಮೊದಲ ಬಾಂಬು ಬಿದ್ದದ್ದು ಅವನ ಮೇಲೆ. ಆಗ ಬಾಂಬು ಎಸೆದ ಮೂವರಲ್ಲಿ ಅವಳೂ ಒಬ್ಬಳು. ‘ನಾನು ಕೇಳಿದ್ರೆ ಅವನೂ ಕೇಳ್ತಾನೆ’ ಎಂದಳು.

ಆ ವಾರವೆಲ್ಲ ನನ್ನ ನಾಲಿಗೆ ತುರಿಸಿತು. ಅವಳ ಪರವಾಗಿ ನಾನೇ ಕೇಳಿಬಿಟ್ಟರೆ ಮುಗಿಯುತ್ತದಲ್ಲ ಎಂದು ನೂರು ಸಲ ಅಂದುಕೊಂಡೆ. ಶುಕ್ರವಾರ ಹಿಟ್ಟಿನ ಡಬ್ಬಿ ಇಡುವ ನೆಪದಲ್ಲಿ ತಂದೂರಿನ ಹತ್ತಿರ ನಿಂತವಳು, ಬಾಯಿ ತೆರೆದು, ಮುಚ್ಚಿಕೊಂಡೆ. ನನ್ನ ಜನ್ಮದಲ್ಲಿ ಕೇಳಬೇಕಾದ ಪ್ರಶ್ನೆಯನ್ನು ನುಂಗಿದ್ದು ಅದೇ ಮೊದಲು. ಬಹಿನಿ ಏನಾದರೂ ಹೇಳಿದಳಾ ಎಂದು ಅವನೇ ಕೇಳಿದ. ಅವಳನ್ನೇ ಕೇಳು ಎಂದೆ. ಅವನು ಸ್ವಲ್ಪ ಹೊತ್ತು ಕೆಂಡ ಕೆದಕಿದ.

‘ಅವಳು ನನ್ನ ಕಡೆ ಹೊಡೆದಳು, ನಾನು ಅವಳ ಕಡೆ ಹೊಡೆದೆ. ಇಬ್ಬರಿಗೂ ಗುರಿ ಇರಲಿಲ್ಲ. ಅದಕ್ಕೇ ಇಲ್ಲಿ ನಾನ್ ಸುಡ್ತಾ ಇದ್ದೀವಿ’ ಎಂದ.

ಈ ಒಂದು ಮಾತನ್ನು ಮಾತ್ರ ದೀದಿಗೆ ತಲುಪಿಸಿದೆ. ಹೇಳಬಾರದಿತ್ತೋ ಏನೋ. ಅವಳು ಮೂಗಿನಲ್ಲೇ ನಕ್ಕಳು, ಆಮೇಲೆ ಒಲೆ ಉರಿ ಸಣ್ಣ ಮಾಡಿದಳು.

ಭಾನುವಾರ ಮಧ್ಯಾಹ್ನ ಶಟರ್ ಅರ್ಧ ಇಳಿಯಿತು. ದಾಯಿ ತಟ್ಟೆ ಹಿಡಿದುಕೊಂಡು ತಂದೂರಿನ ಪಕ್ಕ ನಿಂತೇ ಉಣ್ಣಲು ಹೊರಟಿದ್ದ, ಮಾತು ಬಿಟ್ಟಾಗಿನಿಂದ ಹಾಗೇ. ದೀದಿ ಅವನ ಎದುರಿಗೆ ಹೋಗಿ, ಕೂತ್ಕೋ, ಒಂದು ವಿಷಯ ಕೇಳಬೇಕು ಎಂದಳು, ನೇಪಾಳಿಯಲ್ಲಿ. ಹಿಂದಿ ಬಂದವರಿಗೆ ನೇಪಾಳಿ ಮುಕ್ಕಾಲು ಪಾಲು ತಿಳಿಯುತ್ತದೆ. ನಾನು ಎದ್ದು ಹೊರಗೆ ಹೋಗಲು ನೋಡಿದೆ. ಅವಳು ನನ್ನ ಏಪ್ರನ್ನಿನ ದಾರ ಹಿಡಿದು ಎಳೆದಳು. ‘ನೀನೂ ಕೂತ್ಕೋ. ಶುರು ಮಾಡಿದ್ದು ನೀನೇ’ ಎಂದಳು.

ಅವಳು ಗೆಳತಿಯ ಎತ್ತರ ಹೇಳಿದಳು, ಬಣ್ಣ ಹೇಳಿದಳು, ನಗುವಾಗ ಒಂದು ಹಲ್ಲು ಹೊರಗೆ ಬರುತ್ತಿತ್ತು ಎಂದಳು. ಸತ್ತವರು ನಗುವುದಿಲ್ಲವಲ್ಲ ಎಂದು ನನಗೆ ಅನ್ನಿಸಿತು, ಹಾಗೆ ಅನ್ನಿಸಿದ್ದಕ್ಕೆ ನಾಚಿಕೆಯಾಯಿತು. ದಾಯಿ ತಟ್ಟೆ ಕೆಳಗಿಟ್ಟು ಕೇಳಿಸಿಕೊಂಡ. ಮಾರನೆಯ ದಿನ ಹೆಲಿಕಾಪ್ಟರಿನಲ್ಲಿ ಸೈನಿಕರು ಬಂದರು, ಶಾಲೆಯ ಮೈದಾನದ ಕೆಳಗೆ ಗುಂಡಿ ತೋಡಲು ಹೇಳಿದರು, ತೋಡಿದವರಲ್ಲಿ ತಾನೂ ಒಬ್ಬ ಎಂದ. ಹುಡುಗಿಯರು ಇಬ್ಬರಿದ್ದರು. ಒಬ್ಬಳು ದೊಡ್ಡವಳು, ತಲೆಗೂದಲು ಕತ್ತರಿಸಿಕೊಂಡಿದ್ದಳು. ಇನ್ನೊಬ್ಬಳು ಚಿಕ್ಕವಳು, ನೀಲಿ ಸ್ವೆಟರ್ ಹಾಕಿದ್ದಳು.

‘ಸ್ವೆಟರ್ ಮೇಲೆ ಏನಿತ್ತು?’

‘ಏನೂ ಇರಲಿಲ್ಲ’ ಎಂದ. ಆಮೇಲೆ ತನ್ನ ಎದೆಯ ಎಡಗಡೆ ಬೆರಳಿನಲ್ಲಿ ಒಂದು ಚೌಕ ಬರೆದ. ‘ಇಲ್ಲಿ ಇಷ್ಟು ಜಾಗ ಮಾತ್ರ ಕಡುನೀಲಿ ಇತ್ತು. ಏನೋ ಕಿತ್ತುಹಾಕಿದ ಹಾಗೆ.’

ದೀದಿ ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡಳು. ಅದು ಅವರ ಸ್ಕೂಲ್ ಸ್ವೆಟರ್. ಇನ್ನು ನಾವು ಸ್ಕೂಲ್ ಮಕ್ಕಳಲ್ಲ ಎಂದು ಗೆಳತಿ ಬ್ಲೇಡಿನಿಂದ ಬ್ಯಾಡ್ಜು ಬಿಚ್ಚುವಾಗ ಸ್ವೆಟರನ್ನು ಬಿಗಿಯಾಗಿ ಹಿಡಿದುಕೊಂಡವಳು ಇವಳೇ. ನನಗೆ ಅಳು ತಡೆಯಲಾಗಲಿಲ್ಲ. ಅವರಿಬ್ಬರೂ ಅಳಲಿಲ್ಲ.

ಅವಳು ಹೆದರಿದ್ದಂತೆ ಅವನೂ ಕೇಳಿದ. ಮೂಲೆಯ ಕಾವಲಿನಲ್ಲಿ ಇದ್ದವನು ತನ್ನ ಪಕ್ಕದ ಹಾಸಿಗೆಯವನು, ಬಯಲುಸೀಮೆಯ ಹುಡುಗ, ಅವನ ಮೇಲೆ ಎಸೆದವರು ಯಾರೆಂದು ಗೊತ್ತಾ ಎಂದ. ಮೂವರು ಎಸೆದೆವು, ಯಾರದು ತಗುಲಿತೋ ಗೊತ್ತಿಲ್ಲ, ನನ್ನದೇ ಇರಬಹುದು ಎಂದಳು. ಅವನು ಸರಿ ಎಂದ. ಆಮೇಲೆ, ಚಿಕ್ಕವಳಿಗೆ ಗುಂಡು ಬಿದ್ದ ಕಡೆಗೆ ನಾವು ಏಳೆಂಟು ಜನ ಹೊಡೆದೆವು, ನನಗೂ ಗೊತ್ತಿಲ್ಲ ಎಂದ. ಅದಕ್ಕಿಂತ ಹೆಚ್ಚು ಆ ವಿಷಯ ಅವರು ಮಾತಾಡಲಿಲ್ಲ.

ಆ ತಾಯಿಗೆ ಹೇಳಬೇಕಿತ್ತು. ಅಲ್ಲಿ ಆಗಿನ್ನೂ ಮಧ್ಯಾಹ್ನ ಆಗಿರಲಿಲ್ಲ. ದೀದಿ ಫೋನ್ ಮಾಡಿದಳು, ಪರದೆಯ ಮೇಲೆ ಸುಕ್ಕುಗಟ್ಟಿದ ಮುಖ, ಹಿಂದೆ ತಗಡಿನ ಗೋಡೆ. ದೀದಿ ಹೇಗೋ ಹೇಳಿ ಮುಗಿಸಿದಳು. ಮುದುಕಿ ಕೂಗಿಕೊಳ್ಳಲಿಲ್ಲ, ನಂಬಲೂ ಇಲ್ಲ. ನೋಡಿದವನು ಯಾರು, ಅವನನ್ನು ತೋರಿಸು ಎಂದಳು. ದಾಯಿ ಬೇಡವೆಂದು ಕೈ ಅಡ್ಡ ಹಿಡಿದ. ದೀದಿ ಫೋನನ್ನು ಅವನ ಮುಖದ ಮುಂದೆ ಹಿಡಿದೇ ಬಿಟ್ಟಳು.

ಮುದುಕಿ ಅವನನ್ನು ಸ್ವಲ್ಪ ಹೊತ್ತು ನೋಡಿದಳು. ನೀನು ಯಾವ ಕಡೆಯವನು ಎಂದು ಕೇಳಲಿಲ್ಲ, ಕೊಂದದ್ದು ಯಾರೆಂದೂ ಕೇಳಲಿಲ್ಲ. ಮಗಳು ಮನೆ ಬಿಟ್ಟ ದಿನ ಅವಳ ಚಪ್ಪಲಿ ಹರಿದಿತ್ತಂತೆ, ಉಂಗುಷ್ಠದ ಪಟ್ಟಿಗೆ ಪಿನ್ನು ಚುಚ್ಚಿಕೊಂಡು ಹೋಗಿದ್ದಳಂತೆ. ಸಂತೆಯಿಂದ ಹೊಸದು ತರುತ್ತೇನೆ ಎಂದು ಹೇಳಿ ತಂದಿರಲಿಲ್ಲವಂತೆ. ಕಾರ್ತಿಕದಲ್ಲಿ ಆ ಬೆಟ್ಟದಲ್ಲಿ ಇಬ್ಬನಿ ಹೆಪ್ಪುಗಟ್ಟುತ್ತದೆ, ಇಪ್ಪತ್ತು ವರ್ಷದಿಂದ ನನಗೆ ಅದೊಂದೇ ಯೋಚನೆ ಎಂದಳು.

‘ಅವಳ ಕಾಲಲ್ಲಿ ಏನಾದ್ರೂ ಇತ್ತಾ, ಮಗಾ?’

‘ಇತ್ತು, ಅಮ್ಮಾ’ ಎಂದ ದಾಯಿ. ‘ಬೂಟು ಇತ್ತು. ಹೊಸದು. ಒಳಗೆ ಉಣ್ಣೆ ಕಾಲುಚೀಲನೂ ಇತ್ತು.’

ಮುದುಕಿ ಅದನ್ನು ಇನ್ನೊಂದು ಸಲ ಹೇಳಿಸಿಕೊಂಡಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, ಹಾಗಾದರೆ ಪುರೋಹಿತರನ್ನು ಕರೆಸುತ್ತೇನೆ ಎಂದಳು. ಫೋನ್ ಕಟ್ಟಾಯಿತು.

ದೀದಿ ಫೋನನ್ನು ಏಪ್ರನ್ನಿನ ಜೇಬಿಗೆ ಹಾಕಿಕೊಂಡಳು. ಅವನ ಮುಖ ನೋಡದೆ ಹೇಳಿದಳು: ‘ಹಿಂದಿನ ದಿನ ಹೊಳೆ ದಾಟೋವಾಗ ಎಲ್ಲರ ಚಪ್ಪಲಿನೂ ನೀರಲ್ಲಿ ಹೋಯ್ತು. ನಾವೆಲ್ಲ ಬರಿಗಾಲಲ್ಲಿ ಹತ್ತಿ ಬಂದಿದ್ದು.’

‘ಗೊತ್ತು’ ಎಂದ ಅವನು. ‘ಗುಂಡಿಗೆ ಇಳಿಸೋವಾಗ ಕಾಲು ಹಿಡಿದಿದ್ದವನು ನಾನೇ.’